ಸಂಬಳ ನಿಂತಾಗ ಸ್ವಾವಲಂಬಿ ಮನೆ: ಒಂದು ಕುಟುಂಬದ ಪ್ರಕರಣ

"ನಿಮಗೇನು ಬಿಡಿ, ತಿನ್ನೋದೆಲ್ಲ ಮನೆಯಲ್ಲೇ ಬೆಳೀತೀರಿ."

ಕೆಲಸ ಹೋದ ಸುದ್ದಿ ಕೇಳಿದವರಲ್ಲಿ ಹೆಚ್ಚಿನವರು ಈ ಕುಟುಂಬಕ್ಕೆ ಹೇಳಿದ್ದು ಇದನ್ನೇ. ಮೊದಲ ಎರಡು ವಾರ ಮನೆಯವರೂ ಹಾಗೇ ಅಂದುಕೊಂಡಿದ್ದರು. ಮೂರನೇ ವಾರ ಲೆಕ್ಕದ ಪುಸ್ತಕ ತೆಗೆದರು.

ಐದು ಜನರ ಮನೆ. ಗಂಡ, ಹೆಂಡತಿ, ಹದಿನೈದು ವರ್ಷದ ಮಗಳು, ಒಂಬತ್ತರ ಮಗ, ಹೆಂಡತಿಯ ತಾಯಿ. ಗುರುತು ಸಿಗುವ ವಿವರಗಳನ್ನು ಬೇಕಂತಲೇ ಬಿಟ್ಟಿದ್ದೇನೆ. ಮಕ್ಕಳು ಕರೆಯುವ ಹಾಗೆ ಅಪ್ಪ, ಅಮ್ಮ, ಅಜ್ಜಿ ಎಂದೇ ಬರೆಯುತ್ತೇನೆ. ಮನೆಗೆ ಕರೆಂಟಿನ ತಂತಿ ಎಳೆಸಿಲ್ಲ, ಚಾವಣಿಯ ಮೇಲೆ ಸೋಲಾರ್ ಇದೆ. ನಲ್ಲಿ ಸಂಪರ್ಕವೂ ಇಲ್ಲ. ಮಳೆನೀರನ್ನು ತೊಟ್ಟಿಗೆ ಇಳಿಸಿ, ಸೋಸಿ, ಕಾಯಿಸಿ ಕುಡಿಯುತ್ತಾರೆ. ಅಡುಗೆಗೂ ಬಿಸಿನೀರಿಗೂ ಸೌದೆ. ಒಂದು ತರಕಾರಿ ತೋಟ, ಇಪ್ಪತ್ತು ಮೊಟ್ಟೆ ಕೋಳಿ. ಜಾಗದ ಮೇಲೆ ಸಾಲ ಇಲ್ಲ, ಗಾಡಿಯ ಮೇಲೆ ಇದೆ. ಅಪ್ಪ ಒಂದು ಕಂಪನಿಗೆ ಹೆಚ್ಚಿನ ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ವಾರಕ್ಕೆ ಎರಡು ದಿನ ಹೋಗಿ ಬರಬೇಕಿತ್ತು. ಒಂದು ದಿನ ಇಡೀ ತಂಡವನ್ನೇ ತೆಗೆದರು. ಕೈಗೆ ಬಂದದ್ದು ಎರಡು ತಿಂಗಳ ಸಂಬಳ.

ಲೆಕ್ಕದ ಪುಸ್ತಕ ಹೇಳಿದ್ದು

ಅಮ್ಮನಿಗೆ ಖರ್ಚು ಬರೆದಿಡುವ ಅಭ್ಯಾಸ ಮೊದಲಿನಿಂದಲೂ ಇತ್ತು. ಹಿಂದಿನ ಒಂದು ವರ್ಷದ ಖರ್ಚನ್ನು ಮೂರು ಪಾಲು ಮಾಡಿದರು. ನಿಲ್ಲಿಸಲು ಆಗದ್ದು ಒಂದು, ಮುಂದಕ್ಕೆ ಹಾಕಬಹುದಾದದ್ದು ಇನ್ನೊಂದು, ನೌಕರಿ ಹೋದ ದಿನವೇ ತಾನಾಗಿ ನಿಂತದ್ದು ಮತ್ತೊಂದು. ಈ ಕೊನೆಯದು ಸಮಾಧಾನ ಕೊಟ್ಟಿತು. ಓಡಾಟದ ಪೆಟ್ರೋಲ್, ಆ ಎರಡು ದಿನದ ಹೊರಗಿನ ಊಟ, ಆಫೀಸಿಗೆಂದೇ ಇಟ್ಟಿದ್ದ ಎರಡನೇ ಫೋನು, ಎಲ್ಲ ಸೇರಿ ಅಂದುಕೊಂಡದ್ದಕ್ಕಿಂತ ಜಾಸ್ತಿ ಇತ್ತು. ನೌಕರಿ ಮಾಡಲಿಕ್ಕೇ ಎಷ್ಟು ಖರ್ಚಾಗುತ್ತದೆ ಎಂದು ನೌಕರಿ ಇರುವಾಗ ಯಾರೂ ಲೆಕ್ಕ ಹಾಕುವುದಿಲ್ಲ, ಅಲ್ವಾ?

ಮೊದಲ ಪಾಲಿನಲ್ಲಿ ಗಾಡಿಯ ಕಂತು, ವಿಮೆ, ಅಜ್ಜಿಯ ಮಾತ್ರೆ, ಇಂಟರ್ನೆಟ್, ಧಾನ್ಯ. ಇದರಲ್ಲಿ ಹೊಸದೇನೂ ಇಲ್ಲ.

ಅವರನ್ನು ಬೆಚ್ಚಿಬೀಳಿಸಿದ್ದು ನಡುವಿನ ಪಾಲು. ಕೋಳಿ ಮೇವು, ಬೀಜ, ಗೊಬ್ಬರ, ಪಂಪಿನ ಬಿಡಿಭಾಗ, ಬ್ಯಾಟರಿಗೆಂದು ಎತ್ತಿಟ್ಟ ದುಡ್ಡು, ಗರಗಸದ ಚೈನು, ಜಾಡಿಗಳ ಮುಚ್ಚಳ. ಇವನ್ನೆಲ್ಲ ಅಲ್ಲಿಯವರೆಗೆ 'ಉಳಿತಾಯ' ಎಂದೇ ಮನಸ್ಸಿನಲ್ಲಿ ಬರೆದುಕೊಂಡಿದ್ದರು. ಒಟ್ಟು ಹಾಕಿದಾಗ ಗಾಡಿಯ ಕಂತಿಗಿಂತ ದೊಡ್ಡ ಮೊತ್ತ ಬಂತು. ಅಂದರೆ ಇವರು ಸಂಬಳದ ಹಂಗಿಲ್ಲದೆ ಬದುಕುತ್ತಿರಲಿಲ್ಲ. ಸಂಬಳ ಹಾಕಿ ಸ್ವಾವಲಂಬನೆಯನ್ನು ಸಾಕುತ್ತಿದ್ದರು.

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸಿದ್ದು ಇದೇ. ಮುಖ್ಯವಾಹಿನಿಯಿಂದ ದೂರ ಇರುವ ಮನೆಗೆ ನಗದು ಕಡಿಮೆ ಸಾಕು, ನಿಜ. ಆದರೆ ಎಷ್ಟು ಕಡಿಮೆ ಸಾಕು ಎಂಬ ಸಂಖ್ಯೆ ಗೊತ್ತಿಲ್ಲದಿದ್ದರೆ ಆ ಕಡಿಮೆಯಿಂದ ಪ್ರಯೋಜನ ಇಲ್ಲ. ಆ ರಾತ್ರಿ ಅವರು ತಿಂಗಳಿಗೆ ಇಷ್ಟು ನಗದು ಇಲ್ಲದೆ ಮನೆ ನಡೆಯದು ಎಂಬ ಒಂದು ಮೊತ್ತ ಗೊತ್ತುಮಾಡಿದರು. 'ತಳದ ಲೆಕ್ಕ' ಎಂದು ಹೆಸರಿಟ್ಟರು. ಹಳೆಯ ಖರ್ಚಿನ ಪ್ರಕಾರ ಕೈಯಲ್ಲಿದ್ದ ದುಡ್ಡು ನಾಲ್ಕು ತಿಂಗಳಿಗೆ ಮುಗಿಯುತ್ತಿತ್ತು. ತಳದ ಲೆಕ್ಕದಲ್ಲಿ ಏಳು ತಿಂಗಳು ಎಳೆಯಬಹುದಿತ್ತು.

ಬುಟ್ಟಿ ತುಂಬಿದರೂ ಹೊಟ್ಟೆ ತುಂಬದು

ತೋಟ ಇದ್ದವರಿಗೆ ಊಟದ ಚಿಂತೆ ಇಲ್ಲ ಎಂಬ ಮಾತನ್ನು ಕ್ಯಾಲೊರಿಯಲ್ಲಿ ಅಳೆದು ನೋಡಿ. ತಲೆಗೆ ಸರಾಸರಿ 2,000 ಹಿಡಿದರೂ ಐದು ಜನಕ್ಕೆ ದಿನಕ್ಕೆ 10,000 ಕಿಲೋ ಕ್ಯಾಲೊರಿ ಬೇಕು. ಒಂದು ಕಿಲೋ ಒಣ ಧಾನ್ಯದಲ್ಲಿ ಸುಮಾರು 3,500 ಇರುತ್ತದೆ. ಆಲೂಗಡ್ಡೆಯಲ್ಲಿ 700ರಿಂದ 800. ಸೌತೆಕಾಯಿಯಲ್ಲಿ 150ರ ಆಸುಪಾಸು. ಪೂರ್ತಿ ಧಾನ್ಯದಿಂದಲೇ ತುಂಬಿಸುವುದಾದರೆ ದಿನಕ್ಕೆ ಮೂರು ಕಿಲೋ ಹತ್ತಿರ, ವರ್ಷಕ್ಕೆ ಒಂದು ಟನ್. ಇವರ ತೋಟದಲ್ಲಿ ಬೆಳೆಯುತ್ತಿದ್ದದ್ದು ಸೊಪ್ಪು, ಕಾಯಿ, ಹಣ್ಣು, ಒಂದಿಷ್ಟು ಗೆಡ್ಡೆ. ರುಚಿಗೂ ಆರೋಗ್ಯಕ್ಕೂ ಅದು ಬೇಕೇ ಬೇಕು. ಹಸಿವಿಗೆ ಮಾತ್ರ ಅದು ಸಾಲುತ್ತಿರಲಿಲ್ಲ.

ಇನ್ನೊಂದು ತೊಡಕು ಹೊತ್ತಿನದು. ಕೆಲಸ ಹೋದವರ ಕೈಗೆ ಬಿಡುವು ತಕ್ಷಣ ಬರುತ್ತದೆ, ಬೆಳೆ ತಕ್ಷಣ ಬರುವುದಿಲ್ಲ. ಗೆಡ್ಡೆ, ಕಾಳುಗಳಲ್ಲಿ ಹೆಚ್ಚಿನವಕ್ಕೆ ಬಿತ್ತಿದ ಮೇಲೆ ಮೂರು ನಾಲ್ಕು ತಿಂಗಳು ಕಾಯಲೇಬೇಕು. ಇವರ ಕೆಲಸ ಹೋದದ್ದು ಬಿತ್ತನೆಯ ಹೊತ್ತು ಮುಗಿದ ಮೇಲೆ. ಸೌದೆಯದೂ ಅದೇ ಕತೆ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ, ಚೆನ್ನಾಗಿ ಒಣಗಲು ವರ್ಷ ಹಿಡಿಯುತ್ತದೆ. ಈ ವರ್ಷ ಉರಿಸುವುದು ಹೋದ ವರ್ಷ ಕಡಿದದ್ದನ್ನು. ಅಪ್ಪ ಮೊದಲ ವಾರ ಸಿಟ್ಟಿಗೆ ಕಡಿದು ಗುಡ್ಡೆ ಹಾಕಿದ ಸೌದೆ ಆ ಕಷ್ಟಕಾಲಕ್ಕೆ ಒಂದು ತುಂಡೂ ಉಪಯೋಗಕ್ಕೆ ಬರಲಿಲ್ಲ.

ಅಮ್ಮ ಇಲ್ಲೊಂದು ಒಳ್ಳೆಯ ತೀರ್ಮಾನ ಮಾಡಿದರು. ಕೈಗೆ ಬಂದ ದುಡ್ಡಿನಲ್ಲಿ ಮೊದಲು ಮೂರು ತಿಂಗಳ ಧಾನ್ಯ ಮತ್ತು ಬೇಳೆಕಾಳು ಮೂಟೆಯಲ್ಲಿ ತಂದು, ಒಣಗಿಸಿ, ಗಾಳಿಯಾಡದ ಡ್ರಮ್ಮಿಗೆ ತುಂಬಿದರು. ಹೊಟ್ಟೆಯ ಚಿಂತೆ ಒಂದು ಕಡೆ ಕೂತರೆ ಬೇರೆ ಯೋಚನೆಗೆ ತಲೆ ಓಡುತ್ತದೆ ಎನ್ನುವುದು ಅವರ ವಾದ.

ಕೋಳಿಗಳ ತಪಾಸಣೆ

ಮೊಟ್ಟೆ ಕೋಳಿಯೊಂದು ದಿನಕ್ಕೆ ನೂರರಿಂದ ನೂರಿಪ್ಪತ್ತು ಗ್ರಾಂ ಮೇವು ತಿನ್ನುತ್ತದೆ. ಇಟ್ಟರೂ ತಿನ್ನುತ್ತದೆ, ಇಡದಿದ್ದರೂ ತಿನ್ನುತ್ತದೆ. ಇಪ್ಪತ್ತು ಕೋಳಿಗೆ ತಿಂಗಳಿಗೆ ಎಪ್ಪತ್ತು ಕಿಲೋ ಹತ್ತಿರ. ಅಂಗಳದಲ್ಲಿ ಮೇಯುವುದರಿಂದ ಸ್ವಲ್ಪ ಉಳಿಯುತ್ತಿತ್ತು, ಆದರೂ ಮೇವಿನ ಚೀಲ ಹೊರಗಿನಿಂದಲೇ ಬರಬೇಕು. ಸಿಗುತ್ತಿದ್ದ ಮೊಟ್ಟೆ ದಿನಕ್ಕೆ ಏಳೋ ಎಂಟೋ.

ಇಡುತ್ತಿರುವುದು ಯಾವುದು, ಸುಮ್ನೆ ತಿಂದುಕೊಂಡಿರುವುದು ಯಾವುದು? ಅಜ್ಜಿಗೆ ಇದು ಗೊತ್ತಿತ್ತು. ಕತ್ತಲಾದ ಮೇಲೆ, ಕೋಳಿಗಳು ಮಂಕಾಗಿ ಕೂತಿರುವಾಗ, ಮೊಮ್ಮಗನ ಕೈಗೆ ಟಾರ್ಚು ಕೊಟ್ಟು ಒಂದೊಂದನ್ನೇ ಎತ್ತಿಸಿದರು. ಹಿಂಭಾಗದಲ್ಲಿ ಎರಡು ಸಣ್ಣ ಮೂಳೆಗಳು ಕೈಗೆ ಸಿಗುತ್ತವೆ. ಅವುಗಳ ನಡುವೆ ಎರಡು ಮೂರು ಬೆರಳು ಹಿಡಿಸಿದರೆ ಅದು ಇಡುತ್ತಿರುವ ಕೋಳಿ. ಒಂದೇ ಬೆರಳು ಹಿಡಿಸಿದರೆ ನಿಲ್ಲಿಸಿದೆ. ಮೊಟ್ಟೆ ಬರುವ ದ್ವಾರ ಅಗಲವಾಗಿ ತೇವವಾಗಿರಬೇಕು, ಜುಟ್ಟು ಕೆಂಪಗೆ ತುಂಬಿಕೊಂಡಿರಬೇಕು. ಕಾಲು ಹಳದಿ ಇರುವ ಜಾತಿಯಾದರೆ, ಇಡುತ್ತಾ ಹೋದಂತೆ ಆ ಹಳದಿ ಮಾಸುತ್ತದೆ. ಮೇವಿನ ಹಳದಿ ಬಣ್ಣ ಕಾಲಿಗೆ ಸೇರುವ ಬದಲು ಮೊಟ್ಟೆಯೊಳಗಿನ ಹಳದಿಗೆ ಹೋಗುತ್ತದೆ. ಆದ್ದರಿಂದ ಚಂದದ ಹಳದಿ ಕಾಲಿನ ಕೋಳಿಯನ್ನೇ ಅನುಮಾನಿಸಬೇಕು ಎಂದರು ಅಜ್ಜಿ.

ಹನ್ನೊಂದು ಕೋಳಿ ಈ ಪರೀಕ್ಷೆಯಲ್ಲಿ ಸೋತವು. ಹೆಚ್ಚಿನವು ಎರಡು ವರ್ಷ ದಾಟಿದವು. ಹಗಲು ಚಿಕ್ಕದಾಗುವ ಕಾಲದಲ್ಲಿ ಎಳೆಯ ಕೋಳಿಯೂ ಕಡಿಮೆ ಇಡುತ್ತದೆ. ಚೆನ್ನಾಗಿ ಇಡಬೇಕಾದರೆ ಅದಕ್ಕೆ ದಿನಕ್ಕೆ ಹದಿನಾಲ್ಕು ಗಂಟೆಗೂ ಮಿಕ್ಕಿ ಬೆಳಕು ಬೇಕು. ಹಾಗಾಗಿ ಎಳೆಯವಕ್ಕೆ ರಿಯಾಯಿತಿ ಕೊಟ್ಟರು. ಹನ್ನೊಂದರಲ್ಲಿ ಒಂದನ್ನು ಮಗ ಹಿಡಿದುಕೊಂಡು ಬಿಡಲೇ ಇಲ್ಲ. ಅದು ಉಳಿಯಿತು. ಹತ್ತು ಹೋದವು. ಮೇವು ಅರ್ಧಕ್ಕೆ ಇಳಿಯಿತು, ಮೊಟ್ಟೆ ಅಷ್ಟೇ ಬಂತು. ಇಡೀ ಏಳೆಂಟು ತಿಂಗಳಲ್ಲಿ ಇಷ್ಟು ಬೇಗ, ಇಷ್ಟು ಸುಲಭವಾಗಿ ಫಲ ಕೊಟ್ಟ ತೀರ್ಮಾನ ಇನ್ನೊಂದಿಲ್ಲ. ಸಂಬಳ ಬರುತ್ತಿದ್ದರೆ ಇದನ್ನು ಯಾರೂ ಮಾಡುತ್ತಿರಲಿಲ್ಲ ಎಂಬುದೂ ನಿಜ.

ಹಸಿರುಮನೆ ಬೇಡ ಎಂದ ರಾತ್ರಿ

ಎರಡನೇ ತಿಂಗಳು ಅಪ್ಪ ಒಂದು ನಕ್ಷೆ ಹಿಡಿದುಕೊಂಡು ಬಂದರು. ಪಾಲಿಥೀನ್ ಹೊದಿಸಿದ ಹಸಿರುಮನೆ, ಅದಕ್ಕೆ ಹನಿ ನೀರಾವರಿ. ಇಡೀ ವರ್ಷ ಬೆಳೆಯಬಹುದು, ಮಾರಲೂಬಹುದು. ಲೆಕ್ಕ ನೋಡಲು ಚೆನ್ನಾಗಿಯೇ ಇತ್ತು.

"ಅಲ್ಲಾರೀ, ದುಡ್ಡು ಬರೋದು ನಿಂತಿರುವಾಗ ದುಡ್ಡು ತಿನ್ನೋ ಕೆಲಸಾನೇ ಯಾಕೆ ಹುಡುಕ್ತೀರಿ?" ಎಂದರು ಅಮ್ಮ.

ಜಗಳವೇ ಆಯಿತು. ಕೊನೆಗೆ ಒಂದು ಕರಾರಿಗೆ ಬಂದರು. ಮೂರು ತಿಂಗಳು ಹೊಸದಾಗಿ ಏನನ್ನೂ ಕಟ್ಟುವುದಿಲ್ಲ, ಇರುವುದನ್ನು ರಿಪೇರಿ ಮಾತ್ರ.

ಇಂಥ ಮನೆಗಳು ಎಡವುವುದು ಹೆಚ್ಚಾಗಿ ಇಲ್ಲೇ ಎಂದು ನನಗನಿಸುತ್ತದೆ. ಕೆಲಸ ಕಳೆದುಕೊಂಡವರಿಗೆ ದುಡ್ಡಿಗಿಂತ ಮೊದಲು ಪೆಟ್ಟು ಬೀಳುವುದು ಮರ್ಯಾದೆಗೆ. ಏನಾದರೂ ಕಟ್ಟಿ ನಿಲ್ಲಿಸಿದರೆ ಆ ನೋವು ಸ್ವಲ್ಪ ಇಳಿಯುತ್ತದೆ. ಸ್ವಾವಲಂಬಿ ಮನೆಯಲ್ಲಿ ಅದಕ್ಕೆ ನೆಪಕ್ಕೇನು ಕೊರತೆ? 'ಇನ್ನೂ ಸ್ವಾವಲಂಬಿ ಆಗೋಣ' ಎಂದರೆ ಯಾರು ಬೇಡ ಅನ್ನುತ್ತಾರೆ? ಕೈಯಲ್ಲಿರುವ ನಗದು ಕಂಬ, ಪೈಪು, ಹಾಳೆಯಾಗಿ ಬದಲಾಗುತ್ತದೆ. ಆಮೇಲೆ ಕಂತು ಕಟ್ಟುವ ದಿನ ಪೈಪನ್ನು ಕೊಟ್ಟು ಬರಲು ಆಗುವುದಿಲ್ಲ.

ಬಿಡುವು ಯಾರಿಗೆ ಸಿಕ್ಕಿತು

ಅಪ್ಪ ದಿನವಿಡೀ ಮನೆಯಲ್ಲಿದ್ದರೂ ಅಮ್ಮನ ಕೆಲಸ ಹೆಚ್ಚಾಯಿತು. ಅಪ್ಪ ಕೈ ಹಾಕುತ್ತಿದ್ದದ್ದು ಬೇಲಿ, ಚಾವಣಿ, ಸೌದೆಯಂಥ ದೊಡ್ಡ ಕೆಲಸಕ್ಕೆ. ದಿನಾ ಮುಗಿಯದ ಚಿಕ್ಕ ಕೆಲಸಗಳು ಅಮ್ಮನ ಬಳಿಯೇ ಉಳಿದವು. ಜೊತೆಗೆ ಇನ್ನೊಬ್ಬರ ಮಧ್ಯಾಹ್ನದ ಊಟ, ಪದೇ ಪದೇ ಟೀ. ಮೂರನೇ ತಿಂಗಳಿಗೆ ಅಪ್ಪನ ಹುರುಪೂ ಇಳಿಯಿತು. ಎದ್ದೇಳುವುದು ತಡವಾಯಿತು, ಬೇಲಿ ಅರ್ಧಕ್ಕೆ ನಿಂತಿತು.

ಇದು ಇವರೊಬ್ಬರ ಸೋಮಾರಿತನ ಅಲ್ಲ. ಆಸ್ಟ್ರಿಯಾದ ಮರಿಯೆಂತಾಲ್ ಎಂಬ ಹಳ್ಳಿಯಲ್ಲಿ ಬಟ್ಟೆ ಗಿರಣಿ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಿತ್ತು. ಅಲ್ಲಿ ಮರೀ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹನ್ಸ್ ಜೈಸಲ್ ನಡೆಸಿದ ಅಧ್ಯಯನ 1933ರಲ್ಲಿ ಪ್ರಕಟವಾಯಿತು. ಬೇಕಾದಷ್ಟು ಸಮಯ ಇದ್ದರೂ ಊರಿನ ಗ್ರಂಥಾಲಯದಿಂದ ಓದಲು ಒಯ್ಯುವ ಪುಸ್ತಕಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಗಂಡಸರು ಬೀದಿಯಲ್ಲಿ ನಿಧಾನವಾಗಿ, ಮಧ್ಯೆ ಮಧ್ಯೆ ನಿಂತು ನಡೆಯುತ್ತಿದ್ದರು. ಮನೆಗೆಲಸ ಇದ್ದ ಹೆಂಗಸರ ನಡಿಗೆ ಅಷ್ಟು ನಿಧಾನವಾಗಿರಲಿಲ್ಲ. ಅಲ್ಲಿನವರೂ ತರಕಾರಿ ಪಾತಿ ಮಾಡುತ್ತಿದ್ದರು, ಮೊಲ ಸಾಕುತ್ತಿದ್ದರು. ಕೈಗೆ ಮಣ್ಣು ಹತ್ತಿದ ಮಾತ್ರಕ್ಕೆ ದಿನಚರಿಗೆ ಒಂದು ಕ್ರಮ ಬರುವುದಿಲ್ಲ.

ಇಲ್ಲಿ ಆ ಕ್ರಮ ತಂದದ್ದು ಅಮ್ಮ ಅಡುಗೆಮನೆಯ ಗೋಡೆಗೆ ಅಂಟಿಸಿದ ಒಂದು ಹಾಳೆ. ಪ್ರತಿದಿನ ಆಗಲೇಬೇಕಾದ ಕೆಲಸಗಳೆಲ್ಲ ಅದರಲ್ಲಿದ್ದವು. ಎದುರಿಗೆ ಹೆಸರು. ಕೋಳಿ, ನೀರಿನ ಫಿಲ್ಟರ್, ರಾತ್ರಿಯ ಅಡುಗೆ ಅಪ್ಪನ ಪಾಲಿಗೆ ಬಂತು. 'ಸಹಾಯ ಮಾಡ್ಲಾ?' ಎಂದು ಕೇಳುವ ಹಾಗಿಲ್ಲ, ಅದು ಪೂರ್ತಿ ಅವರದೇ. ಬೆಳಿಗ್ಗೆ ಎರಡು ಗಂಟೆ ಕೆಲಸ ಹುಡುಕುವುದಕ್ಕೇ ಮೀಸಲು. ಮೊದಲ ವಾರ ರಾತ್ರಿ ಊಟ ಒಂಬತ್ತೂವರೆಗೆ ಆಗುತ್ತಿತ್ತಂತೆ. "ಅಳಿಯಂದ್ರೇ, ಒಲೆಗೆ ಸೌದೆ ಜಾಸ್ತಿ ತುರುಕಿದ್ರೆ ಹೊಗೆ ಬರುತ್ತೆ ಹೊರತು ಬೇಗ ಬೇಯಲ್ಲ" ಎಂದು ಅಜ್ಜಿ ಕೂತಲ್ಲಿಂದಲೇ ಹೇಳುತ್ತಿದ್ದರು.

ಬ್ಯಾಟರಿ

ಸಂಬಳ ಇದ್ದಿದ್ದರೆ ಆ ವರ್ಷ ಬ್ಯಾಟರಿ ಬದಲಿಸಬೇಕಿತ್ತು. ಲೆಡ್ ಆಸಿಡ್ ಬ್ಯಾಟರಿಯನ್ನು ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಿದರೆ, ಪೂರ್ತಿ ಚಾರ್ಜ್ ಆಗದೆ ಬಿಟ್ಟರೆ, ಅದರ ಆಯಸ್ಸು ಬೇಗ ಮುಗಿಯುತ್ತದೆ. ಇವರದು ಆಗಲೇ ದಣಿದಿತ್ತು.

ಮಗಳು ಮೀಟರ್ ಹಿಡಿದು ಅಳೆದಳು. ಏಳು ವ್ಯಾಟಿನ ಐದು ಬಲ್ಬು ನಾಲ್ಕು ಗಂಟೆ ಉರಿದರೆ 140 ವ್ಯಾಟ್ ಅವರ್. ಏನೂ ಹಾಕದೆ ಖಾಲಿ ಓಡುವ ಇನ್ವರ್ಟರ್ 20 ವ್ಯಾಟ್ ಎಳೆಯುತ್ತಿತ್ತು. ಇಪ್ಪತ್ತನಾಲ್ಕು ಗಂಟೆಗೆ ಅದು 480. ಮನೆಯ ಬೆಳಕಿಗಿಂತ ಮೂರು ಪಟ್ಟಿಗೂ ಜಾಸ್ತಿ ವಿದ್ಯುತ್ತನ್ನು ಮೂಲೆಯ ಪೆಟ್ಟಿಗೆ ಸುಮ್ಮನೆ ತಿನ್ನುತ್ತಿತ್ತು. ಬಲ್ಬು ಬದಲಿಸಿ, ಬೆಳಕನ್ನೂ ರೂಟರನ್ನೂ ನೇರ 12 ವೋಲ್ಟಿಗೆ ಹಾಕಿದರು. ರೂಟರಿಗೆ ವೋಲ್ಟೇಜ್ ಏರುಪೇರಾಗದಂತೆ ನಡುವೆ ಒಂದು ಚಿಕ್ಕ ಕನ್ವರ್ಟರ್ ಇಟ್ಟರು. ಇನ್ವರ್ಟರ್ ಹಗಲು, ಬಿಸಿಲಿರುವಾಗ, ಪಂಪಿಗೆ ಮಾತ್ರ. ಹಳೆಯ ಬ್ಯಾಟರಿ ಇನ್ನೊಂದು ವರ್ಷ ತಳ್ಳಿತು.

ನಗದು ಎಲ್ಲಿಂದ ಬಂತು

ತರಕಾರಿ ಮಾರಲು ಹೋದದ್ದು ನಡೆಯಲಿಲ್ಲ. ಕಾರಣ ಸರಳ. ನಿಮ್ಮ ತೋಟದಲ್ಲಿ ಬೀನ್ಸ್ ಸುರಿಯುವ ವಾರವೇ ಎಲ್ಲರ ತೋಟದಲ್ಲೂ ಸುರಿಯುತ್ತದೆ. ಪೆಟ್ರೋಲ್ ಕಳೆದರೆ ಕೈಗೆ ಏನೂ ಉಳಿಯಲಿಲ್ಲ. ಮೊಟ್ಟೆಗೆ ಗಿರಾಕಿ ಇದ್ದರು, ಆದರೆ ಕೋಳಿ ಅರ್ಧ ಆಗಿತ್ತು.

ಬಂದದ್ದು ಬೇರೆ ಕಡೆಯಿಂದ. ಅಪ್ಪನಿಗೆ ಸ್ವಂತ ಮನೆಯ ಸೋಲಾರ್, ಪಂಪು, ಫಿಲ್ಟರ್ ನೋಡಿಕೊಂಡು ವರ್ಷಗಳ ಅನುಭವ. ಒಬ್ಬರ ಪಂಪು ಸರಿ ಮಾಡಿದರು, ಅವರು ಇನ್ನೊಬ್ಬರಿಗೆ ಹೇಳಿದರು. ಖಾಲಿ ಓಡುವ ಇನ್ವರ್ಟರಿನ ಪಾಠವನ್ನೇ ನಾಲ್ಕು ಮನೆಗೆ ಮಾರಿದರು ಅನ್ನಬಹುದು. ಕೆಲವರು ದುಡ್ಡು ಕೊಟ್ಟರು, ಕೆಲವರು ಮೇವು, ಒಣ ಸೌದೆ ಕೊಟ್ಟರು. ವಿನಿಮಯ ಚೆನ್ನಾಗಿಯೇ ನಡೆಯಿತು, ಆದರೆ ವಿಮೆಯವರು ಸೌದೆ ತೆಗೆದುಕೊಳ್ಳುವುದಿಲ್ಲ. ಐದನೇ ತಿಂಗಳಿಂದ ತಳದ ಲೆಕ್ಕದ ಅರ್ಧದಷ್ಟು ನಗದು ಹೀಗೆ ಬರತೊಡಗಿತು. ಏಳು ತಿಂಗಳ ದುಡ್ಡು ಏಳು ತಿಂಗಳಿಗಿಂತ ಮುಂದಕ್ಕೆ ಎಳೆಯಿತು.

ಈ ಬಗೆಯ ಬದುಕಿಗೆ ಹೆಸರಾದ ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಕಾಟ್ ನಿಯರಿಂಗ್ ಕೂಡ ಕೆಲಸ ಕಳೆದುಕೊಂಡವರೇ. ತಮ್ಮ ನಿಲುವುಗಳ ಕಾರಣಕ್ಕೆ 1915ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ, 1917ರಲ್ಲಿ ಟೊಲೆಡೊ ವಿಶ್ವವಿದ್ಯಾಲಯದಿಂದ ಹೊರಬಿದ್ದರು. 1932ರಲ್ಲಿ ಸಂಗಾತಿ ಹೆಲೆನ್ ಜೊತೆ ಅಮೆರಿಕದ ವರ್ಮಾಂಟ್‌ನಲ್ಲಿ ಜಮೀನು ಹಿಡಿದರು. ನಗದಿಗೆಂದು ಅವರು ಮೇಪಲ್ ಮರದ ರಸದಿಂದ ಪಾಕ, ಸಕ್ಕರೆ ಮಾಡಿ ಮಾರುತ್ತಿದ್ದರು. ತಿನ್ನಲು ಬೆಳೆಯುವುದು ಬೇರೆ, ನಗದಿಗೆ ಮಾಡುವುದು ಬೇರೆ ಎಂಬುದು ಅವರಿಗೆ ಸ್ಪಷ್ಟವಿತ್ತು. ನಮ್ಮ ಕುಟುಂಬ ತೋಟದಿಂದಲೇ ಎರಡನ್ನೂ ನಿರೀಕ್ಷಿಸಿ ಒಂದು ಬೇಸಾಯದ ಕಾಲ ಕಳೆದುಕೊಂಡಿತು.

ತಪ್ಪು ಕಡೆ ಕೈ ಬಿಗಿ ಮಾಡಿದ್ದೂ ಉಂಟು. ಅಪ್ಪನಿಗೆ ಹಲ್ಲು ಜುಮ್ ಅನ್ನುತ್ತಿತ್ತು. ಹುಳುಕು ತುಂಬಿಸಿದರೆ ಮುಗಿಯುತ್ತಿತ್ತು. 'ಮುಂದಕ್ಕೆ ಹಾಕಬಹುದು' ಎಂಬ ಪಾಲಿಗೆ ಅದನ್ನು ಸೇರಿಸಿ ಲವಂಗ ಕಚ್ಚಿಕೊಂಡು ಮೂರು ತಿಂಗಳು ತಳ್ಳಿದರು. ಹುಳುಕು ನರದವರೆಗೆ ಇಳಿದು, ಕೆನ್ನೆ ಊದಿ, ರೂಟ್ ಕೆನಾಲ್ ಮಾಡಿಸಬೇಕಾಯಿತು. ಆ ತಿಂಗಳ ತಳದ ಲೆಕ್ಕ ಪೂರ್ತಿ ತಲೆಕೆಳಗಾಯಿತು. ಅದಾದ ಮೇಲೆ ಹಲ್ಲು, ಕಣ್ಣು, ಗಾಡಿಯ ಬ್ರೇಕು, ಚಾವಣಿಯ ಸೋರಿಕೆ ಇವು ನಾಲ್ಕನ್ನೂ ಮುಂದೂಡುವ ಪಾಲಿನಿಂದ ತೆಗೆದುಹಾಕಿದರು.

ಈಗ

ಎಂಟನೇ ತಿಂಗಳು ಅಪ್ಪನಿಗೆ ವಾರಕ್ಕೆ ಮೂರು ದಿನದ ಕೆಲಸ ಸಿಕ್ಕಿತು. ಹಳೆಯ ಸಂಬಳದ ಅರ್ಧಕ್ಕೆ ಚೂರು ಮೇಲು. ಐದು ದಿನದ ಕೆಲಸವೊಂದು ಬರುವ ಹಾಗಿತ್ತು, ದಿನಾ ಓಡಾಡಬೇಕಿತ್ತು. ತಳದ ಲೆಕ್ಕ ಕೈಯಲ್ಲಿದ್ದುದರಿಂದ ಬೇಡ ಅನ್ನಲು ಸಾಧ್ಯವಾಯಿತು. ರಿಪೇರಿ ಕೆಲಸ ನಿಲ್ಲಿಸಿಲ್ಲ. ಗಾಡಿಯ ಸಾಲ ತೀರುವವರೆಗೆ ಹೊಸ ಕಂತು ಯಾವುದೂ ಬೇಡ ಎಂದು ತೀರ್ಮಾನಿಸಿದ್ದಾರೆ. ತೋಟದ ಮೂರನೇ ಒಂದು ಭಾಗ ಈಗ ಗೆಡ್ಡೆ ಮತ್ತು ಕಾಳಿಗೆ. ಹಸಿರುಮನೆಯ ನಕ್ಷೆ ಇನ್ನೂ ಇದೆ, ಕಟ್ಟಿಲ್ಲ.

ಎಲ್ಲವೂ ಸರಿಹೋಗಿಲ್ಲ. ಬರುವ ನಗದೆಲ್ಲ ಅಪ್ಪನ ಕೈಯಿಂದಲೇ ಬರುತ್ತಿರುವುದು ಅಮ್ಮನಿಗೆ ಸರಿಕಾಣುವುದಿಲ್ಲ. ಅಪ್ಪನ ಕಾಲು ಮುರಿದರೆ ಏನು ಮಾಡುವುದು ಎಂದು ಕೇಳುತ್ತಾರೆ. ಲೆಕ್ಕ ಬರೆಯುವ ಕೆಲಸವನ್ನೇ ಒಂದೆರಡು ಸಣ್ಣ ಅಂಗಡಿಗಳಿಗೆ ಮಾಡಿಕೊಡಲು ಶುರು ಮಾಡಿದ್ದಾರೆ. ಮಗಳು ಮುಂದೆ ಓದಲು ಪಟ್ಟಣಕ್ಕೆ ಹೋಗುತ್ತೇನೆ, ಹಾಸ್ಟೆಲಿನಲ್ಲಿ ಇರುತ್ತೇನೆ ಎಂದಿದ್ದಾಳೆ. ಮೀಟರ್ ಹಿಡಿದವಳಿಗೆ ಎಲೆಕ್ಟ್ರಿಕಲ್ ಓದುವ ಆಸೆ. ತಳದ ಲೆಕ್ಕದಲ್ಲಿ ಅದಕ್ಕೆ ಜಾಗ ಇಲ್ಲ. ಸೇರಿಸಿದರೆ ವಾರಕ್ಕೆ ಮೂರು ದಿನದ ಸಂಬಳ ಸಾಲದು. ನಾಲ್ಕನೇ ದಿನ ಕೇಳುವುದೋ, ಬ್ಯಾಟರಿಯ ದುಡ್ಡನ್ನು ಆ ಕಡೆ ತಿರುಗಿಸುವುದೋ ಎಂಬುದರಲ್ಲಿ ಅಪ್ಪ ಅಮ್ಮನಿಗೆ ಇನ್ನೂ ಒಮ್ಮತ ಬಂದಿಲ್ಲ.